ಗುತ್ತಿಗೆ ಕೆಲಸಗಾರರ ಹಾಜರಿ, ಬಟವಾಡೆ, ಚಲನ್

ಪೀಣ್ಯದ ಸಣ್ಣ ಕಾರ್ಖಾನೆಯೊಂದರ ಹಾಜರಿ ಪುಸ್ತಕ ಮೊದಲ ಸಲ ನನ್ನ ಕೈಗೆ ಬಂದಾಗ ನೋಡಲು ಬಹಳ ಚೆಂದವಿತ್ತು. ಹದಿನೆಂಟು ಹೆಸರು, ಮೂವತ್ತೊಂದು ದಿನ, ಅಷ್ಟೂ ಮನೆಗಳಲ್ಲಿ ಒಂದೇ ಪೆನ್ನಿನ, ಒಂದೇ ಅಳತೆಯ ‘ಪಿ’. ಎಲ್ಲೂ ಚಿತ್ತಿಲ್ಲ, ಕಾಟಿಲ್ಲ. ಆಯುಧಪೂಜೆಯ ದಿನವೂ ಎಲ್ಲರೂ ಹಾಜರ್. ಎರಡನೇ ವಾರದಲ್ಲೇ ಲೆಕ್ಕ ಮುಗಿಸಿ ಊರಿಗೆ ಹೋದ ಹುಡುಗನೂ ತಿಂಗಳ ಕೊನೆಯವರೆಗೆ ಹಾಜರ್. ಕಂಟ್ರಾಕ್ಟರನ ಮೇಸ್ತ್ರಿ ಬಿಲ್ ಕೊಡುವ ಹಿಂದಿನ ರಾತ್ರಿ ಕೂತು ತುಂಬಿಸಿದ ಪುಸ್ತಕ ಅದು.

ಅದೇ ತಿಂಗಳು ಪವರ್ ಪ್ರೆಸ್ಸಿಗೆ ಸಿಕ್ಕಿ ಒಬ್ಬ ಹುಡುಗನ ತೋರುಬೆರಳಿನ ತುದಿ ಹೋಯಿತು. ಇಎಸ್‌ಐ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಅಲ್ಲಿ ವಿಮೆ ನಂಬರ್ ಕೇಳಿದರು. ಕಂಟ್ರಾಕ್ಟರ್ ಅವನ ಹೆಸರನ್ನು ನೋಂದಾಯಿಸಿಯೇ ಇರಲಿಲ್ಲ. ಗಾಬರಿಬಿದ್ದು ಅದೇ ಮಧ್ಯಾಹ್ನ ಮಾಡಿಸಿದ. ಅಪಘಾತ ಬೆಳಗ್ಗೆ ಹತ್ತಕ್ಕೆ, ನೋಂದಣಿ ಮಧ್ಯಾಹ್ನ ಎರಡಕ್ಕೆ. ಇದನ್ನು ನೋಡಿದ ಯಾವ ಅಧಿಕಾರಿಗಾದರೂ ಅನುಮಾನ ಬರುವುದು ಸಹಜ. ಹುಡುಗ ಆರು ವಾರದಿಂದ ಅಲ್ಲೇ ದುಡಿಯುತ್ತಿದ್ದ ಎಂದು ತೋರಿಸಲು ನಂಬಿಕೆಗೆ ಅರ್ಹವಾದ ಒಂದು ಕಾಗದ ಬೇಕಿತ್ತು. ಹಾಜರಿ ಪುಸ್ತಕ ಮೇಜಿನ ಮೇಲೆ ಇಟ್ಟೆವು. ಆಯುಧಪೂಜೆಯ ದಿನದ ಹದಿನೆಂಟು ‘ಪಿ’ಗಳನ್ನು ನೋಡಿ ಅವರು ಅದನ್ನು ಪಕ್ಕಕ್ಕೆ ಸರಿಸಿದರು.

ಕೊನೆಗೆ ಕೈಹಿಡಿದದ್ದು ಗೇಟಿನ ವಾಚ್‌ಮನ್ ಬರೆದಿಟ್ಟಿದ್ದ ಒಳಗೆ–ಹೊರಗೆ ಪುಸ್ತಕ. ಟೀ ಲೋಟದ ಗುರುತು, ಮಳೆಹನಿ ಬಿದ್ದು ಹರಡಿದ ಅಕ್ಷರ, ಮೂರು ಬಣ್ಣದ ಪೆನ್ನು. ಆದರೆ ದಿನವೂ ಆಯಾ ದಿನವೇ ಬರೆದದ್ದು. ಹುಡುಗನ ಹೆಸರು ಆರು ವಾರದ ಹಿಂದಿನ ಪುಟದಲ್ಲಿ, ಬೆಳಗ್ಗೆ 8.50ಕ್ಕೆ, ಅವನದೇ ಸೊಟ್ಟ ಸಹಿಯೊಂದಿಗೆ ಇತ್ತು. ಅವನಿಗೆ ಸಿಗಬೇಕಾದ್ದು ಸಿಕ್ಕಿತು, ತಡವಾಗಿ.

ಗುತ್ತಿಗೆ ಕೆಲಸಗಾರರನ್ನು ಇಟ್ಟುಕೊಂಡಿರುವ ಸಣ್ಣ ಕಾರ್ಖಾನೆಯವರಿಗೆ, ಶಾಲೆ–ಆಸ್ಪತ್ರೆಗಳ ಆಡಳಿತ ನೋಡುವವರಿಗೆ, ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳಿಗೆ ನಾನು ಮೊದಲು ಹೇಳುವುದು ಇದನ್ನೇ: ದಾಖಲೆಯನ್ನು ಇನ್ಸ್‌ಪೆಕ್ಟರಿಗೆ ತೋರಿಸಲೆಂದು ಬರೆಯಬೇಡಿ. ಆ ದಿನ ಆ ಮನುಷ್ಯ ನಿಮ್ಮ ಜಾಗದಲ್ಲಿ ದುಡಿದ ಎಂಬುದನ್ನು ಆ ದಿನವೇ ಬರೆದಿಡಿ. ಮುಂದೆ ಬರುವ ಕಾನೂನಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

ಹೊಣೆ ಯಾರದು?

‘ಕಂಟ್ರಾಕ್ಟ್ ಕೊಟ್ಟಾಯಿತಲ್ಲ ಸರ್, ಇನ್ನು ಅವರುಂಟು ಅವರ ಹುಡುಗರುಂಟು’ ಎನ್ನುವ ಮಾತನ್ನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಇದು ತಪ್ಪು ತಿಳಿವಳಿಕೆ. ಕೆಲಸ ಮಾಡಿಸಿಕೊಳ್ಳುವ ಸಂಸ್ಥೆಯನ್ನು ಕಾನೂನು ಪ್ರಧಾನ ಮಾಲೀಕ ಎಂದು ಕರೆಯುತ್ತದೆ. ಕಚೇರಿಗಳಲ್ಲಿ ಎಲ್ಲರೂ ಪ್ರಿನ್ಸಿಪಲ್ ಎಂಪ್ಲಾಯರ್ ಎಂದೇ ಹೇಳುತ್ತಾರೆ. ಕಂಟ್ರಾಕ್ಟರ್ ಸಂಬಳ ಕೊಡದಿದ್ದರೆ ಪ್ರಧಾನ ಮಾಲೀಕನೇ ಕೊಟ್ಟು, ಆಮೇಲೆ ಅದನ್ನು ಕಂಟ್ರಾಕ್ಟರನ ಬಿಲ್ಲಿನಿಂದ ಹಿಡಿದುಕೊಳ್ಳಬೇಕು. 1970ರ ಗುತ್ತಿಗೆ ಕಾರ್ಮಿಕ (ನಿಯಂತ್ರಣ ಮತ್ತು ರದ್ದತಿ) ಕಾಯ್ದೆ ಹೀಗೆಂದು ಹೇಳಿತ್ತು; ಅದರ ಜಾಗಕ್ಕೆ ಬಂದ ಸಂಹಿತೆಯೂ ಇದನ್ನೇ ಹೇಳುತ್ತದೆ. ಪಿಎಫ್, ಇಎಸ್‌ಐ ವಿಷಯದಲ್ಲಂತೂ ಕಟ್ಟುವ ಮೊದಲ ಹೊಣೆಯೇ ಪ್ರಧಾನ ಮಾಲೀಕನದು.

2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ: 2019ರ ವೇತನ ಸಂಹಿತೆ, 2020ರ ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಹಾಗೂ ಔದ್ಯೋಗಿಕ ಸುರಕ್ಷತೆ–ಆರೋಗ್ಯ–ಕೆಲಸದ ಸ್ಥಿತಿಗತಿ ಸಂಹಿತೆಗಳು. ಗುತ್ತಿಗೆ ಕಾರ್ಮಿಕರ ಅಧ್ಯಾಯ ಇರುವುದು ಕೊನೆಯದರಲ್ಲಿ. ಹಳೆಯ ಕಾಯ್ದೆ 20 ಜನರಿದ್ದರೆ ಅನ್ವಯಿಸುತ್ತಿತ್ತು, ಹೊಸದು 50 ಎನ್ನುತ್ತದೆ. ಕಂಟ್ರಾಕ್ಟರನ ಪರವಾನಗಿ ಐದು ವರ್ಷಕ್ಕೆ ಸಿಗುತ್ತದೆ. ಸಂಸ್ಥೆಯ ಮುಖ್ಯ ಕಸುಬಿಗೆ ಗುತ್ತಿಗೆಯವರನ್ನು ಹಚ್ಚುವಂತಿಲ್ಲ ಎಂಬ ನಿಷೇಧವೂ ಇದೆ. ಸ್ವಚ್ಛತೆ, ಕಾವಲು, ಕ್ಯಾಂಟೀನ್, ಲೋಡಿಂಗ್–ಅನ್‌ಲೋಡಿಂಗ್, ತೋಟಗಾರಿಕೆಯಂಥವು ಸಾಮಾನ್ಯವಾಗಿ ಮುಖ್ಯ ಕಸುಬಿನ ಲೆಕ್ಕಕ್ಕೆ ಬರುವುದಿಲ್ಲ. ಗುತ್ತಿಗೆಯವರಿಗೂ ಕುಡಿಯುವ ನೀರು, ಶೌಚಾಲಯ, ಕ್ಯಾಂಟೀನ್, ವಿಶ್ರಾಂತಿ ಕೋಣೆ, ಪ್ರಥಮ ಚಿಕಿತ್ಸೆಯ ವ್ಯವಸ್ಥೆ ಮಾಡುವುದು ಪ್ರಧಾನ ಮಾಲೀಕನ ಕೆಲಸ.

50 ಎಂಬ ಸಂಖ್ಯೆಯನ್ನು ಕೇಳಿ ನಿಟ್ಟುಸಿರು ಬಿಟ್ಟವರು ಬಹಳ. ‘ನಮ್ಮಲ್ಲಿ ಮೂವತ್ತೇ ಜನ, ನಮಗೇನೂ ಇಲ್ಲ’ ಎಂದುಕೊಳ್ಳುತ್ತಾರೆ. ಪರವಾನಗಿಯ ಅಧ್ಯಾಯ ಅನ್ವಯಿಸದೆ ಇರಬಹುದು. ಕನಿಷ್ಠ ವೇತನಕ್ಕೆ ಅಂಥ ಮಿತಿ ಇಲ್ಲ. ಇಎಸ್‌ಐಗೆ 10 ಜನ ಸಾಕು, ಪಿಎಫ್‌ಗೆ 20. ಆಯಾ ಸಂಹಿತೆ ಅನ್ವಯಿಸುವ ಸಂಸ್ಥೆಗಳಲ್ಲಿ ಪ್ರತಿಯೊಬ್ಬ ಉದ್ಯೋಗಿಗೂ ನೇಮಕಾತಿ ಪತ್ರ ಕೊಡಬೇಕು, ಸಂಬಳದ ಚೀಟಿ ಕೊಡಬೇಕು.

ಫಾರಂ ನಂಬರುಗಳ ಬಗ್ಗೆ ಒಂದು ಮಾತು. ಹಳೆಯ ನಿಯಮಗಳಲ್ಲಿ ಕಂಟ್ರಾಕ್ಟರುಗಳ ರಿಜಿಸ್ಟರ್, ಕೆಲಸಗಾರರ ರಿಜಿಸ್ಟರ್, ಮಸ್ಟರ್ ರೋಲ್, ವೇತನ, ಓವರ್‌ಟೈಮ್, ಮುಂಗಡ, ದಂಡ ಹೀಗೆ ಒಂದೊಂದಕ್ಕೂ ಬೇರೆ ಫಾರಂ ಇತ್ತು. ಈಗ ಹಲವನ್ನು ಕೂಡಿಸಿದ್ದಾರೆ, ಕಂಪ್ಯೂಟರಿನಲ್ಲೂ ಇಡಬಹುದು. ಸಂಹಿತೆಗಳಿಗೆ ವಿರುದ್ಧವಾಗದ ಹಳೆಯ ನಿಯಮಗಳು ಈ ಬದಲಾವಣೆಯ ಅವಧಿಯಲ್ಲೂ ನಡೆಯುತ್ತವೆ. ಆದ್ದರಿಂದ ನಿಮ್ಮ ಭಾಗದ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಆಗಾಗ ವಿಚಾರಿಸಿ ಫಾರಂ ಬದಲಿಸಿಕೊಳ್ಳಿ. ಒಳಗೆ ಬರೆಯಬೇಕಾದದ್ದು ಮಾತ್ರ ಐವತ್ತು ವರ್ಷದಿಂದ ಬದಲಾಗಿಲ್ಲ: ಯಾರು, ಎಂದಿನಿಂದ, ಯಾವ ಕೆಲಸ, ಎಷ್ಟು ದಿನ, ಎಷ್ಟು ಹೊತ್ತು, ಎಷ್ಟು ಹಣ, ಯಾವ ದಿನ ಕೈಸೇರಿತು.

ಒಳಗೆ ಕಾಲಿಡುವ ಮೊದಲು

ಹೊಸ ಕೆಲಸಗಾರ ಗೇಟಿಗೆ ಬಂದ ದಿನವೇ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಹಳೆಯ ಯುಎಎನ್ ಇದ್ದರೆ ಅದು, ಇಎಸ್‌ಐ ನಂಬರ್, ಒಂದು ಫೋಟೋ, ಮನೆಯವರ ಫೋನ್ ನಂಬರ್ ತೆಗೆದುಕೊಳ್ಳಿ. ಹೆಸರನ್ನು ಆಧಾರಿನಲ್ಲಿ ಇದ್ದಂತೆಯೇ ಬರೆಯಿರಿ. ಇದು ಸಣ್ಣ ವಿಷಯ ಎನಿಸುತ್ತದೆ, ಆದರೆ ನಾನು ನೋಡಿದ ಪಿಎಫ್ ತಕರಾರುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟಿದವು. ಮೇಸ್ತ್ರಿಯ ಬಾಯಲ್ಲಿ ‘ಬಸ್ಯಾ’, ಹಾಜರಿಯಲ್ಲಿ ‘ಬಸಪ್ಪ’, ಆಧಾರಿನಲ್ಲಿ ‘ಬಸವರಾಜ’. ಮೂರು ವರ್ಷ ಕಟ್ಟಿದ ಹಣ ಅವನದೇ. ತೆಗೆಯಲು ಹೋದಾಗ ಮಾತ್ರ ಅವನು ಅವನಲ್ಲ. ಕಂಟ್ರಾಕ್ಟರ್ ಅಷ್ಟರಲ್ಲಿ ಅಂಗಡಿ ಮುಚ್ಚಿರುತ್ತಾನೆ, ತಿದ್ದುಪಡಿಗೆ ಸಹಿ ಹಾಕುವವರು ಯಾರೂ ಇರುವುದಿಲ್ಲ.

ಇಎಸ್‌ಐ ನೋಂದಣಿಗೆ ಕಾನೂನು ಕೆಲವು ದಿನದ ಗಡುವು ಕೊಟ್ಟಿದೆ. ನನ್ನ ಸಲಹೆ: ಗಡುವಿನ ಕಡೆ ನೋಡಲೇಬೇಡಿ. ನಂಬರ್ ಬಂದಿಲ್ಲವೋ, ಯಂತ್ರದ ಹತ್ತಿರ ಬಿಡಬೇಡಿ. ಆ ಹುಡುಗನ ಬೆರಳು ಹೋದದ್ದನ್ನು ನೋಡಿದ ಮೇಲೆ ನಾನು ಯಾವ ಕಾರ್ಖಾನೆಯಲ್ಲೂ ಇದರಲ್ಲಿ ಸಡಿಲ ಬಿಟ್ಟಿಲ್ಲ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಅನ್ವಯಿಸುತ್ತದೆ. ಮಾಲೀಕನ ಪಾಲು ಶೇ 3.25, ಕೆಲಸಗಾರನದು ಶೇ 0.75. ಇಷ್ಟು ಸಣ್ಣ ಮೊತ್ತ ಉಳಿಸಲು ಹೋಗಿ ಒಂದು ಕುಟುಂಬವನ್ನು ಬೀದಿಗೆ ತರಬಾರದು.

ಕರಾರು ಪತ್ರ ಬರೆಯುವಾಗ ‘ಇಪ್ಪತ್ತು ಹುಡುಗರನ್ನು ಕಳಿಸುವುದು’ ಎಂದು ಬರೆಯಬೇಡಿ. ಯಾವ ಕೆಲಸ, ಎಷ್ಟು, ಎಲ್ಲಿ ಎಂದು ಬರೆಯಿರಿ. ಕೆಲಸಗಾರರಿಗೆ ಹೋಗುವ ಸಂಬಳ, ಪಿಎಫ್–ಇಎಸ್‌ಐಯ ಮಾಲೀಕ ಪಾಲು, ಕಂಟ್ರಾಕ್ಟರನ ಸೇವಾ ಶುಲ್ಕ, ತೆರಿಗೆ ಇವನ್ನು ಬೇರೆಬೇರೆ ಸಾಲಿನಲ್ಲಿ ತೋರಿಸಿ. ಎಲ್ಲ ಕೂಡಿಸಿ ತಲೆಗೆ ಇಷ್ಟು ಎಂದು ಮಾಡಿಕೊಂಡರೆ ಪೈಪೋಟಿಯಲ್ಲಿ ದರ ಇಳಿಸಿದ ಕಂಟ್ರಾಕ್ಟರ್ ಆ ನಷ್ಟವನ್ನು ಕೆಲಸಗಾರನ ಸಂಬಳದಿಂದಲೇ ತುಂಬಿಕೊಳ್ಳುತ್ತಾನೆ. ಕರ್ನಾಟಕದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ರಂದು ಬದಲಾಗುತ್ತದೆ. ಜೂನ್‌ನಲ್ಲಿ ಮಾಡಿಕೊಂಡ ಒಂದು ವರ್ಷದ ಕರಾರಿನಲ್ಲಿ ‘ಏಪ್ರಿಲ್ ಏರಿಕೆ ಪ್ರತ್ಯೇಕ’ ಎಂಬ ಒಂದು ಸಾಲು ಇಲ್ಲದಿದ್ದರೆ ಏಪ್ರಿಲ್, ಮೇ ಎರಡು ತಿಂಗಳು ಎಲ್ಲರಿಗೂ ಕಡಿಮೆ ಸಂಬಳ ಹೋಗಿರುತ್ತದೆ, ಯಾರ ಗಮನಕ್ಕೂ ಬಂದಿರುವುದಿಲ್ಲ.

ಬಿಲ್ ಬಂದಾಗ ಏನು ನೋಡಬೇಕು

ತಿಂಗಳ ಸಂಬಳ ಮುಂದಿನ ತಿಂಗಳ 7ರ ಒಳಗೆ ಆಗಬೇಕು. ಕೆಲಸ ಬಿಟ್ಟವರಿಗೆ, ತೆಗೆದುಹಾಕಿದವರಿಗೆ ಎರಡು ಕೆಲಸದ ದಿನಗಳ ಒಳಗೆ ಲೆಕ್ಕ ಮುಗಿಸಬೇಕು. ಪಿಎಫ್, ಇಎಸ್‌ಐ ಎರಡೂ 15ನೇ ತಾರೀಕಿನ ಒಳಗೆ. ‘ನೀವು ಬಿಲ್ ಪಾಸ್ ಮಾಡಿಲ್ಲ, ಅದಕ್ಕೇ ಸಂಬಳ ಆಗಿಲ್ಲ’ ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ಒಂದು ತಿಂಗಳ ಸಂಬಳ ತನ್ನ ಕೈಯಿಂದ ಹಾಕುವ ಶಕ್ತಿ ಇಲ್ಲದ ಕಂಟ್ರಾಕ್ಟರನ್ನು ಆರಿಸಿಕೊಳ್ಳಲೇಬಾರದು.

ಬಿಲ್ಲಿನ ಜೊತೆ ಬರುವ ಪಿಎಫ್ ಚಲನ್ ನೋಡಿ ಸಮಾಧಾನಪಡುವವರು ಹೆಚ್ಚು. ಚಲನ್‌ನಲ್ಲಿ ಇರುವುದು ಒಟ್ಟು ಮೊತ್ತ ಮಾತ್ರ. ಐದು ಕಡೆ ಕೆಲಸ ಹಿಡಿದ ಕಂಟ್ರಾಕ್ಟರ್ ಒಂದೇ ಚಲನ್ ಕಟ್ಟಿ, ಅದರ ಜೆರಾಕ್ಸನ್ನು ಐದೂ ಕಡೆ ಕೊಡುತ್ತಾನೆ. ನಿಮಗೆ ಬೇಕಾದ್ದು ಇಸಿಆರ್, ಅಂದರೆ ಹೆಸರು ಹೆಸರಾಗಿ ಯುಎಎನ್ ಸಮೇತ ಇರುವ ಪಟ್ಟಿ. ಅದನ್ನು ನಿಮ್ಮ ಹಾಜರಿಯ ಪಕ್ಕದಲ್ಲಿಟ್ಟು ಒಂದೊಂದೇ ಹೆಸರಿಗೆ ಟಿಕ್ ಹಾಕಿ. ನಿಮ್ಮ ಗೇಟಿನೊಳಗೆ ಬಂದವನ ಹೆಸರು ಅಲ್ಲಿ ಇಲ್ಲದಿದ್ದರೆ ಬಿಲ್ ಅಲ್ಲೇ ನಿಲ್ಲಬೇಕು.

ಇಸಿಆರ್‌ನಲ್ಲಿ ಎನ್‌ಸಿಪಿ ದಿನಗಳು ಎಂಬ ಕಾಲಂ ಇದೆ. ವೇತನ ಇಲ್ಲದ ದಿನಗಳ ಸಂಖ್ಯೆ ಅಲ್ಲಿ ಬರುತ್ತದೆ. ಅದನ್ನು ಯಾರೂ ನೋಡುವುದಿಲ್ಲ, ಕಂಟ್ರಾಕ್ಟರಿಗೂ ಅದು ಗೊತ್ತು. ಒಮ್ಮೆ ಹೌಸ್‌ಕೀಪಿಂಗ್ ಹೆಂಗಸರ ಪಟ್ಟಿ ನೋಡುತ್ತಿದ್ದೆ. ಸಂಸ್ಥೆಯ ಹಾಜರಿಯಲ್ಲಿ ಒಬ್ಬೊಬ್ಬರೂ 26 ದಿನ. ಇಸಿಆರ್‌ನಲ್ಲಿ ಎಲ್ಲರ ಮುಂದೆಯೂ ಎನ್‌ಸಿಪಿ 12, 13, 14. ಅರ್ಧ ತಿಂಗಳಿಗಷ್ಟೇ ಪಿಎಫ್ ಕಟ್ಟಿ, ಪೂರ್ತಿ ತಿಂಗಳಿನದನ್ನು ಬಿಲ್ ಮಾಡಿದ್ದರು. ಹೆಂಗಸರ ಸಂಬಳದಿಂದ ಹಿಡಿದದ್ದೂ ಪೂರ್ತಿ ತಿಂಗಳಿನದೇ. ಅವರಲ್ಲಿ ಒಬ್ಬರಿಗೆ ಫೋನಿನಲ್ಲಿ ಪಾಸ್‌ಬುಕ್ ತೆರೆದು ತೋರಿಸಿದಾಗ, ‘ಅಣ್ಣಾ, ಇದ್ರಾಗ ನನ್ ದುಡ್ಡು ಇಷ್ಟೇನಾ?’ ಎಂದರು. ಆ ತಿಂಗಳಿಂದ ಅಲ್ಲಿ ಪ್ರತಿ ಆರು ತಿಂಗಳಿಗೊಮ್ಮೆ ಕೆಲಸಗಾರರನ್ನೇ ಕೂರಿಸಿಕೊಂಡು ಪಾಸ್‌ಬುಕ್ ನೋಡುವ ಪದ್ಧತಿ ಮಾಡಿಸಿದೆ. ಇದಕ್ಕಿಂತ ಒಳ್ಳೆಯ ಆಡಿಟ್ ನನಗೆ ಗೊತ್ತಿಲ್ಲ.

ಇನ್ನೊಂದು ಸಂಬಳ ಒಡೆಯುವ ಚಾಳಿ. ಮೂಲ ವೇತನ ಚಿಕ್ಕದು, ಮನೆ ಬಾಡಿಗೆ ಭತ್ಯೆ, ಅದು ಇದು ಎಂದು ಉಳಿದದ್ದು ದೊಡ್ಡದು. ಸಂಹಿತೆಗಳು ವೇತನಕ್ಕೆ ಕೊಟ್ಟ ಹೊಸ ವ್ಯಾಖ್ಯಾನದಲ್ಲಿ ಹೊರಗಿಟ್ಟ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ ಭಾಗ ವೇತನಕ್ಕೇ ಸೇರುತ್ತದೆ.

ಹಿಂದೆ ಬಟವಾಡೆ ಎಂದರೆ ಮೇಜು ಹಾಕಿ, ಕವರಿನಲ್ಲಿ ನೋಟು ಎಣಿಸಿ ಕೊಡುವುದು. ಕಂಪನಿಯ ಒಬ್ಬರು ಎದುರಿಗೆ ಕೂತು ‘ನನ್ನ ಸಮ್ಮುಖದಲ್ಲಿ ಕೊಡಲಾಗಿದೆ’ ಎಂದು ವೇತನ ಪುಸ್ತಕದಲ್ಲಿ ಸಹಿ ಹಾಕಬೇಕಿತ್ತು. ಈಗ ಹಣ ಬ್ಯಾಂಕಿಗೆ ಹೋಗುತ್ತದೆ, ಎದುರಿಗೆ ಕೂರುವವರು ಇಲ್ಲ. ಬ್ಯಾಂಕಿನ ವರ್ಗಾವಣೆ ಪಟ್ಟಿ ತರಿಸಿಕೊಳ್ಳಿ, ಸರಿ. ಆದರೆ ಅಲ್ಲಿಗೆ ನಿಲ್ಲಬೇಡಿ. ಹೊರರಾಜ್ಯದಿಂದ, ಉತ್ತರ ಕರ್ನಾಟಕದಿಂದ ಬಂದ ಹುಡುಗರ ಎಟಿಎಂ ಕಾರ್ಡುಗಳನ್ನು ಮೇಸ್ತ್ರಿ ರಬ್ಬರ್ ಬ್ಯಾಂಡ್ ಹಾಕಿ ತನ್ನ ಬ್ಯಾಗಿನಲ್ಲಿ ಇಟ್ಟುಕೊಂಡದ್ದನ್ನು ನಾನೇ ಕಂಡಿದ್ದೇನೆ. ಖಾತೆಗೆ ಕನಿಷ್ಠ ವೇತನ ಬೀಳುತ್ತದೆ. ಮೇಸ್ತ್ರಿ ತೆಗೆದು ಅದರಲ್ಲಿ ಒಂದು ಭಾಗ ಇಟ್ಟುಕೊಂಡು ಉಳಿದದ್ದನ್ನು ಕೈಗೆ ಕೊಡುತ್ತಾನೆ. ಕಾಗದದಲ್ಲಿ ಎಲ್ಲ ಸರಿಯಾಗಿಯೇ ಇರುತ್ತದೆ. ಇದು ತಿಳಿಯಬೇಕಾದರೆ ಊಟದ ಹೊತ್ತಿನಲ್ಲಿ ಹೋಗಿ ಕೇಳಲೇಬೇಕು: ‘ಏನಪ್ಪಾ, ನಿನ್ನ ಕಾರ್ಡು ಯಾರ ಹತ್ತಿರ ಇದೆ?’

ಓವರ್‌ಟೈಮಿಗೆ ದುಪ್ಪಟ್ಟು ದರ ಎಂಬುದು ಎಲ್ಲರಿಗೂ ಗೊತ್ತು. ಹಾಗೆಂದೇ ಕೆಲವರು ಹಾಜರಿಯಲ್ಲಿ ಎಂಟು ಗಂಟೆ ಬರೆದು, ಹೆಚ್ಚುವರಿ ಹೊತ್ತನ್ನು ಬೇರೆ ಚೀಟಿಯಲ್ಲಿ ಒಂದು ಪಟ್ಟು ದರದಲ್ಲಿ ‘ಪ್ರೋತ್ಸಾಹಧನ’ ಎಂದು ಕೊಡುತ್ತಾರೆ. ಗೇಟ್ ಪುಸ್ತಕ ಇದನ್ನು ಒಂದೇ ನೋಟದಲ್ಲಿ ಬಯಲು ಮಾಡುತ್ತದೆ. ಸಂಬಳ ಕಡಿಮೆ ಕೊಟ್ಟರೆಂದು ಕೆಲಸಗಾರ ಮೂರು ವರ್ಷದ ಒಳಗೆ ಅರ್ಜಿ ಹಾಕಬಹುದು. ಕೊಟ್ಟಿದ್ದೇನೆ ಎಂದು ಸಾಬೀತು ಮಾಡುವ ಹೊಣೆ ವೇತನ ಸಂಹಿತೆಯ ಪ್ರಕಾರ ಮಾಲೀಕನದು. ಕಡಿಮೆ ಕೊಟ್ಟದ್ದಕ್ಕೆ 50,000 ರೂಪಾಯಿವರೆಗೆ, ದಾಖಲೆ ಸರಿಯಾಗಿ ಇಡದ್ದಕ್ಕೆ 10,000 ರೂಪಾಯಿವರೆಗೆ ದಂಡ ಇದೆ.

ಕೆಲಸದ ಹೊತ್ತಿನ ಲೆಕ್ಕ ತಪ್ಪಿದರೆ ಎಲ್ಲಿಗೆ ಮುಟ್ಟಬಹುದು ಎಂಬುದನ್ನು ಕೋಲಾರದ ನರಸಾಪುರ ನೋಡಿದೆ. 2020ರ ಡಿಸೆಂಬರ್ 12ರಂದು ಅಲ್ಲಿನ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ದೊಡ್ಡ ಗಲಾಟೆ ನಡೆಯಿತು. ಕೆಲಸಗಾರರಲ್ಲಿ ಬಹುಪಾಲು ಏಜೆನ್ಸಿಗಳ ಮೂಲಕ ಬಂದವರು. ಕೆಲಸದ ಸಮಯ ನಿರ್ವಹಿಸುವ ವ್ಯವಸ್ಥೆ ಸರಿಯಿರಲಿಲ್ಲ, ಅದರಿಂದ ಅಕ್ಟೋಬರ್–ನವೆಂಬರ್ ಸಂಬಳ ಕೆಲವರಿಗೆ ತಡವಾಯಿತು ಎಂದು ಆ್ಯಪಲ್ ಹೇಳಿತು; ಕೆಲವರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಸಿಕ್ಕಿಲ್ಲ ಎಂದು ಒಪ್ಪಿಕೊಂಡ ವಿಸ್ಟ್ರಾನ್ ಕ್ಷಮೆ ಕೇಳಿತು. ಗಾಜು ಒಡೆದದ್ದನ್ನು ಯಾರೂ ಸಮರ್ಥಿಸಲಾರರು. ಆದರೆ ಹಾಜರಿಗೂ ಸಂಬಳಕ್ಕೂ ತಾಳೆಯಾಗುತ್ತಿಲ್ಲ ಎಂದು ಹುಡುಗರು ಹೇಳಿಕೊಳ್ಳಲು ಒಂದು ಕಿಟಕಿ, ಕೇಳಿಸಿಕೊಳ್ಳಲು ಒಬ್ಬ ಮನುಷ್ಯ ಪ್ರತಿ ಕಾರ್ಖಾನೆಯಲ್ಲೂ ಇರಬೇಕು. ಸಂಬಳದ ತಕರಾರಿಗೆಂದೇ ಒಂದು ಪುಸ್ತಕ ಇಡಿಸಿ. ತಾರೀಕು, ತಕರಾರು, ಬಗೆಹರಿದ ದಿನ, ಕೆಲಸಗಾರನ ಸಹಿ, ಇಷ್ಟು ಸಾಕು.

ಹೆಸರಿಗಷ್ಟೇ ಗುತ್ತಿಗೆ

ಕಾಗದದಲ್ಲಿ ಕಂಟ್ರಾಕ್ಟರ್ ಇದ್ದಾನೆ, ನಿಜದಲ್ಲಿ ಹುಡುಗರನ್ನು ಆರಿಸುವವರು, ರಜೆ ಕೊಡುವವರು, ಬೈಯುವವರು, ಮನೆಗೆ ಕಳಿಸುವವರು ಎಲ್ಲ ಕಂಪನಿಯವರೇ ಆಗಿದ್ದರೆ, ಅದು ತೋರಿಕೆಯ ಗುತ್ತಿಗೆ. 1978ರಲ್ಲಿ ಕೇರಳದ ಹಗ್ಗದ ಕಾರ್ಖಾನೆಯೊಂದರ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಮುಸುಕು ಸರಿಸಿ ನಿಜವಾದ ಮಾಲೀಕನನ್ನು ನೋಡಬೇಕು ಎಂದಿತು. 2001ರ ಭಾರತೀಯ ಉಕ್ಕು ಪ್ರಾಧಿಕಾರದ ತೀರ್ಪು ಇನ್ನೂ ಸ್ಪಷ್ಟ: ಗುತ್ತಿಗೆ ಪದ್ಧತಿ ನಿಷೇಧಿಸಿದ ಮಾತ್ರಕ್ಕೆ ಕೆಲಸಗಾರರು ತಾನಾಗಿಯೇ ಕಾಯಂ ಆಗುವುದಿಲ್ಲ, ಗುತ್ತಿಗೆಯೇ ಸುಳ್ಳು ಎಂದು ಸಾಬೀತಾದರೆ ಮಾತ್ರ ಅವರು ಪ್ರಧಾನ ಮಾಲೀಕನ ಕೆಲಸಗಾರರೇ.

ಅದನ್ನು ಸಾಬೀತು ಮಾಡುವುದೂ ಕಾಗದಗಳೇ. ರಜೆ ಚೀಟಿಯ ಮೇಲೆ ನಿಮ್ಮ ಮ್ಯಾನೇಜರ್ ಸಹಿ, ಕಂಪನಿಯ ಹೆಸರಿನ ಗುರುತಿನ ಚೀಟಿ, ಹತ್ತು ವರ್ಷದಲ್ಲಿ ಮೂರು ಕಂಟ್ರಾಕ್ಟರು ಬದಲಾದರೂ ಬದಲಾಗದ ಅದೇ ಹದಿನೈದು ಹೆಸರು. ಇದನ್ನು ಓದಿ ಕಾಗದ ಮುಚ್ಚಿಡುವ ದಾರಿ ಹುಡುಕಬೇಡಿ. ಒಬ್ಬ ಮನುಷ್ಯ ಹತ್ತು ವರ್ಷ ಒಂದೇ ಯಂತ್ರದ ಮುಂದೆ ನಿಂತಿದ್ದಾನೆ ಎಂದರೆ ಅವನನ್ನು ನಿಮ್ಮ ರೋಲಿಗೆ ತೆಗೆದುಕೊಳ್ಳುವುದೇ ನ್ಯಾಯ, ಲೆಕ್ಕ ಹಾಕಿದರೆ ಖರ್ಚೂ ಅಷ್ಟೇನೂ ಹೆಚ್ಚಲ್ಲ.

ಗುತ್ತಿಗೆಯ ಹೆಂಗಸರನ್ನು ಮರೆಯುವ ಇನ್ನೊಂದು ಜಾಗವಿದೆ. ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆ ಅವರಿಗೂ ಅಷ್ಟೇ ಅನ್ವಯಿಸುತ್ತದೆ. ಆಂತರಿಕ ಸಮಿತಿಯವರ ಹೆಸರು, ಫೋನ್ ನಂಬರ್ ಎಚ್‌ಆರ್ ಕೋಣೆಯಲ್ಲಿ ಇದ್ದರೆ ಸಾಲದು, ಹೌಸ್‌ಕೀಪಿಂಗ್‌ನವರು ಬಟ್ಟೆ ಬದಲಿಸುವ ಕೋಣೆಯ ಗೋಡೆಯ ಮೇಲೂ ಕನ್ನಡದಲ್ಲಿ ಇರಬೇಕು. ಸಂಬಳದ ದರ, ಕೆಲಸದ ಹೊತ್ತು, ಬಟವಾಡೆ ದಿನದ ಬೋರ್ಡೂ ಹಾಗೆಯೇ. ಒಡಿಶಾ, ಬಿಹಾರದ ಹುಡುಗರಿದ್ದರೆ ಅವರು ಓದುವ ಭಾಷೆಯಲ್ಲೂ.

ಎಷ್ಟು ವರ್ಷ ಇಡಬೇಕು?

ಹಳೆಯ ನಿಯಮ ಕೊನೆಯ ನಮೂದಿನಿಂದ ಮೂರು ವರ್ಷ ಎನ್ನುತ್ತಿತ್ತು. ನನ್ನ ಲೆಕ್ಕ ಬೇರೆ. ಹಾಜರಿ, ವೇತನ ಪುಸ್ತಕ, ಇಸಿಆರ್ ಇವನ್ನು ಹತ್ತು ವರ್ಷವಾದರೂ ಇಡಿ; ಸ್ಕ್ಯಾನ್ ಮಾಡಿ ಬೇರೆ ಕಡೆ ಒಂದು ಪ್ರತಿ ಇಟ್ಟರೆ ಜಾಗದ ತಾಪತ್ರಯವೂ ಇಲ್ಲ. ಕಂಟ್ರಾಕ್ಟರ್ ಬದಲಾಗುವಾಗ ಕೊನೆಯ ಬಿಲ್ ತಡೆದಿಟ್ಟು, ಎಲ್ಲ ರಿಜಿಸ್ಟರುಗಳ ಪ್ರತಿ, ಎಲ್ಲರ ಅನುಭವ ಪತ್ರ, ಪಿಎಫ್‌ನಲ್ಲಿ ಕೆಲಸ ಬಿಟ್ಟ ದಿನಾಂಕದ ನಮೂದು ಆದ ಮೇಲೆಯೇ ಹಣ ಬಿಡುಗಡೆ ಮಾಡಿ.

ಕಳೆದ ವರ್ಷ ದೇವದುರ್ಗದ ಕಡೆಯ ಒಬ್ಬರು ಅದೇ ಪೀಣ್ಯದ ಕಾರ್ಖಾನೆಗೆ ಬಂದಿದ್ದರು. ಎಂಟು ವರ್ಷದ ಹಿಂದೆ ಅಲ್ಲಿ ಪ್ಯಾಕಿಂಗ್ ವಿಭಾಗದಲ್ಲಿ ಗುತ್ತಿಗೆ ಕೆಲಸ ಮಾಡಿದ್ದವರು. ಪಿಎಫ್‌ನಲ್ಲಿ ಸೇರಿದ ದಿನಾಂಕ ತಪ್ಪಾಗಿದೆ, ತಿದ್ದಲು ಪುರಾವೆ ಬೇಕು ಎಂದರು. ಕಂಟ್ರಾಕ್ಟರನ ಫೋನು ಎಂದೋ ಸತ್ತಿತ್ತು. ಸ್ಟೋರಿನ ಅಟ್ಟದ ಮೇಲಿನ ಟ್ರಂಕಿನಲ್ಲಿ ಆ ವರ್ಷದ ಮೂರು ಪುಸ್ತಕ ಇದ್ದವು. ಎರಡನೆಯದರಲ್ಲಿ ಅವರ ಹೆಸರು ಸಿಕ್ಕಿತು, ಆಧಾರಿನಲ್ಲಿ ಇದ್ದಂತೆಯೇ, ಸೇರಿದ ದಿನದ ಎದುರು ಅವರ ಹೆಬ್ಬೆಟ್ಟಿನ ಗುರುತು. ಆ ಪುಟ ಜೆರಾಕ್ಸ್ ಮಾಡಿ ಸೀಲ್ ಹಾಕಿ ಕೊಟ್ಟೆವು. ಮಧ್ಯಾಹ್ನದ ಬಸ್ಸಿಗೇ ಅವರು ಊರಿಗೆ ಹೊರಟರು.